ಬೋರ್ಡು ನಂಬದ ಶಿವಸ್ವಾಮಿ

ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ನಂಬಿ ಶಿವಸ್ವಾಮಿಯವರು ಬಸ್ಸು ಹತ್ತಿದ್ದನ್ನು ನಂಜನಗೂಡಿನಲ್ಲಿ ಕಂಡವರಿಲ್ಲ. ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ‘ತಿ. ನರಸೀಪುರ’ ಎಂದು ಬರೆದಿದ್ದರೂ, ಕಂಡಕ್ಟರು ಗಂಟಲು ಹರಿಯುವಂತೆ ಅದೇ ಊರಿನ ಹೆಸರನ್ನು ಕೂಗುತ್ತಿದ್ದರೂ, ಅವರು ಬಾಗಿಲ ಬಳಿ ನಿಂತು ‘ಇದು ನರಸೀಪುರಕ್ಕೇನಪ್ಪ?’ ಎಂದು ಕೇಳುವರು. ಅವನು ಹೌದೆಂದ ಮೇಲೆ ಮುಂದಕ್ಕೆ ಹೋಗಿ ಡ್ರೈವರನ್ನು ಕೇಳುವರು. ಇಬ್ಬರ ಮಾತೂ ತಾಳೆಯಾದ ಮೇಲೆ ಒಳಗೆ ಕುಳಿತವರಲ್ಲಿ ಯಾರಾದರೂ ಒಬ್ಬ ಮುದುಕಿಯನ್ನು ಆರಿಸಿಕೊಂಡು, ಕಿಟಕಿಯಿಂದಲೇ, ‘ನೀವೆಲ್ಲಿಗೆ ತಾಯಿ ಹೊರಟಿದ್ದು?’ ಎನ್ನುವರು. ಕಂಡಕ್ಟರಿಗೂ ಡ್ರೈವರಿಗೂ ಒಳಒಪ್ಪಂದವಿರಬಹುದು, ಮುದುಕಿಗೆ ಸುಳ್ಳು ಹೇಳಿ ಆಗಬೇಕಾದದ್ದೇನಿದೆ ಎಂಬುದು ಅವರ ತರ್ಕ.

ಈ ತರ್ಕಕ್ಕೆ ಒಂದು ಚರಿತ್ರೆಯೂ ಇತ್ತು. ಹರೆಯದಲ್ಲಿ ತಂಗಿಯ ನಿಶ್ಚಿತಾರ್ಥಕ್ಕೆಂದು ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣಿನ ಚೀಲ ಹೊತ್ತು ನರಸೀಪುರದ ಬೋರ್ಡಿದ್ದ ಬಸ್ಸು ಹತ್ತಿ, ಒರಗಿ ನಿದ್ದೆ ಹೋಗಿ, ಕಣ್ಣು ಬಿಟ್ಟಾಗ ಗುಂಡ್ಲುಪೇಟೆಯಲ್ಲಿದ್ದರಂತೆ. ಡ್ರೈವರು ಬೋರ್ಡು ತಿರುಗಿಸುವುದನ್ನು ಮರೆತಿದ್ದ, ಅಷ್ಟೇ. ಅಣ್ಣನಿಲ್ಲದೆ ತಾಂಬೂಲ ಬದಲಾಯಿತು. ಆ ತಂಗಿ ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ, ಆದರೂ ಹಬ್ಬಕ್ಕೆ ಬಂದಾಗಲೆಲ್ಲ ಆ ಮಾತನ್ನು ಎತ್ತದೆ ಊಟಕ್ಕೆ ಕೂರುವುದಿಲ್ಲ.

ಎತ್ತರದ, ಒಣಗಿದ ಆಳು. ಕತ್ತು ಸದಾ ತುಸು ಮುಂದಕ್ಕೆ ಬಾಗಿ, ಎದುರಿನವರ ಮಾತಿನ ಹಿಂದೆ ಇನ್ನೇನೋ ಇದೆ ಎಂದು ಇಣುಕುವ ಭಂಗಿ. ಹಣೆಯಲ್ಲಿ ಮೂರೆಳೆ ವಿಭೂತಿ. ಬೇಸಿಗೆಯಲ್ಲೂ ಬಿಡದ ಕಂದು ಬಣ್ಣದ ಕೋಟು, ಅದರ ಒಳಜೇಬಿಗೆ ಒಂದು ಪಿನ್ನು, ಪಿನ್ನು ಬಿಚ್ಚಿಕೊಂಡರೆ ಎಂದು ಅದರ ಪಕ್ಕಕ್ಕೆ ಇನ್ನೊಂದು ಪಿನ್ನು. ಬೀದಿಯಲ್ಲಿ ಗೋಡೆಯ ಬದಿ ಹಿಡಿದೇ ನಡೆಯುವರು, ಆಗಾಗ ನಿಂತು ಹಿಂತಿರುಗಿ ನೋಡುವರು. ಮನೆಗೆ ಬೀಗ ಹಾಕಿದರೆ ಎಳೆದು ನೋಡುವುದಲ್ಲ, ಅದಕ್ಕೆ ಜೋತುಬೀಳುವರು. ಅವರ ಹೆಂಡತಿ ಸಿದ್ದಲಿಂಗಮ್ಮ ನೆರೆಯವರ ಮುಂದೆ ನಗುತ್ತ ಹೇಳುತ್ತಿದ್ದರು: “ನಮ್ಮನೆಯವರು ಶಿವಪೂಜೆಗೆ ಕೂತಾಗ್ಲೂ ಒಂದು ಕಣ್ಣು ಅರ್ಧ ತೆಗೆದೇ ಇರ್ತಾರೆ ಕಣ್ರೀ. ಹಾಲು ಎಲ್ಲಿ ಬೆಕ್ಕಿನ ಪಾಲಾಗುತ್ತೋ ಅಂತ.”

ಹುಟ್ಟಿದ್ದು ಮೂಗೂರಿನಲ್ಲಿ, ಬದುಕು ಕಟ್ಟಿಕೊಂಡದ್ದು ನಂಜನಗೂಡಿನಲ್ಲಿ. ತೊಂಬತ್ತರ ದಶಕದ ನಡುವಿನ ತನಕ ಅಲ್ಲಿನ ಒಂದು ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದರು. ಅನುಮಾನಪಡುವುದಕ್ಕೇ ಸಂಬಳ ಕೊಡುವ ಕೆಲಸ ಲೋಕದಲ್ಲಿ ಅದೊಂದೇ ಇರಬೇಕು. ಲಗ್ನಪತ್ರಿಕೆಯಲ್ಲಿ ವರನ ಹೆಸರು ಇರುವಲ್ಲಿ ವರನೇ ಇದ್ದಾನೆಯೇ, ಮಾವನ ಹೆಸರು ನುಸುಳಿದೆಯೇ ಎಂದು ಬೆರಳಿಟ್ಟು ಓದುತ್ತಿದ್ದವರು. ಛಾಪಖಾನೆ ಮುಚ್ಚಿದಾಗ ಅವರ ಜೊತೆಯವರು ಮನೆ ಸೇರಿದರು. ಇವರು ಮಾತ್ರ, ಕಂಪ್ಯೂಟರು ತಮ್ಮ ಅನ್ನ ಕಿತ್ತುಕೊಂಡ ಬಗೆಯನ್ನು ಹತ್ತಿರದಿಂದ ನೋಡಬೇಕೆಂಬ ಹಟಕ್ಕೆ ಬಿದ್ದವರಂತೆ, ಅದರ ಮುಂದೆಯೇ ಹೋಗಿ ಕುಳಿತರು. ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಮದನ್ ಎಂಬ ಯುವಕ ಸಾಫ್ಟ್‌ವೇರ್ ಮಾಡುವ ಪುಟ್ಟ ಕಂಪನಿ ಇಟ್ಟಿದ್ದ. ಪ್ರೋಗ್ರಾಮು ಬರೆಯುವುದು ಅವನ ಪಾಲು. ಅದನ್ನು ಬಳಸುವುದು ಹೇಗೆಂದು ಕನ್ನಡದಲ್ಲಿ ವಿವರಿಸುವ ‘ಸಹಾಯ’ದ ಪುಟಗಳನ್ನು ಬರೆಯುವುದು, ತೊಂದರೆಯೆಂದು ಫೋನು ಬಂದರೆ ಉತ್ತರಿಸುವುದು ಶಿವಸ್ವಾಮಿಯವರ ಪಾಲು.

ಈ ಸಹಾಯದ ಪುಟಗಳು ಪುಸ್ತಕದ ಪುಟಗಳಂತಲ್ಲ. ಇಂಟರ್ನೆಟ್ಟಿನ ಪುಟಗಳ ಹಾಗೆ ಬ್ರೌಸರಿನಲ್ಲಿ ತೆರೆದುಕೊಳ್ಳುವಂಥವು. ಒಂದು ಲಿಂಕಿನ ಮೇಲೆ ಒತ್ತಿದರೆ ಇನ್ನೊಂದು ಪುಟ. ಅದರಲ್ಲೂ ಕೆಲವು ಲಿಂಕುಗಳು ಮೊದಲೇ ಬರೆದಿಟ್ಟವಲ್ಲ. ನೀವು ಮಾಡುತ್ತಿರುವ ಕೆಲಸ ಯಾವುದೆಂದು ನೋಡಿ ಆ ಕ್ಷಣಕ್ಕೆ ತಮ್ಮ ಗುರಿಯನ್ನು ತಾವೇ ಹೊಂದಿಸಿಕೊಳ್ಳುವಂಥವು. ಮದನನಿಗೆ ಇವುಗಳ ಮೇಲೆ ಬಲು ಅಭಿಮಾನ. ಶಿವಸ್ವಾಮಿಯವರಿಗೆ, ಹೇಳಬೇಕೇ, ಅಷ್ಟೇ ಗುಮಾನಿ. ಮೇಲೆ ಬರೆದದ್ದೊಂದು, ಒಯ್ಯುವುದು ಇನ್ನೆಲ್ಲಿಗೋ! ಬೋರ್ಡು ಬದಲಾಯಿಸುವ ಡ್ರೈವರು ಪ್ರತಿ ಲಿಂಕಿನೊಳಗೂ ಕುಳಿತಿದ್ದಾನೆಂದು ಅವರು ನಂಬಿದ್ದರು. ಆದ್ದರಿಂದ ಯಾವ ಲಿಂಕನ್ನೂ ನೇರವಾಗಿ ಒತ್ತುತ್ತಿರಲಿಲ್ಲ. ಮೌಸಿನ ಬಾಣವನ್ನು ಅದರ ಮೇಲೆ ಸುಮ್ಮನೆ ಇರಿಸಿ, ಪರದೆಯ ತಳದಲ್ಲಿ ಸಣ್ಣಕ್ಷರದಲ್ಲಿ ಮೂಡುವ ವಿಳಾಸವನ್ನು ಕನ್ನಡಕ ಸರಿಪಡಿಸಿಕೊಂಡು ಓದುತ್ತ, “ಯಾವೂರು? ಯಾರ ಪೈಕಿ?” ಎಂದು ಗೊಣಗುವರು. ಹೊಸಬರು ಜಗಲಿ ಹತ್ತಿದರೆ ನಮ್ಮ ಕಡೆ ಹಿರಿಯರು ಕೇಳುವ ಪ್ರಶ್ನೆಯೇ ಅದು. ಉತ್ತರ ಸಮರ್ಪಕವೆನಿಸಿದರೆ ಮಾತ್ರ ಬೆರಳು ಒತ್ತುವುದು.

ಇಷ್ಟು ಅನುಮಾನದ ಮನುಷ್ಯ ಒಂದೇ ಒಂದನ್ನು ಮಾತ್ರ ಅನುಮಾನಿಸಲಿಲ್ಲ: ತಾವೇ ಬರೆದ ಪುಟಗಳನ್ನು. ಕರಡು ತಿದ್ದಿದವರ ಹೆಮ್ಮೆ ಅದು. ತಮ್ಮ ಕಣ್ಣಿನ ಕೆಳಗೆ ಹಾಯ್ದದ್ದರಲ್ಲಿ ತಪ್ಪು ಉಳಿಯಲಾರದು ಎಂಬ ಭರವಸೆ ಅವರ ಎಲುಬಿಗೆ ಇಳಿದುಬಿಟ್ಟಿತ್ತು.

ಎರಡು ಸಾವಿರದ ಮೂರರ ಸುಮಾರು. ನರಸೀಪುರದ ಹೊರವಲಯದಲ್ಲಿ ಖಾಸಗಿಯವರ ಭತ್ತದ ಘಟಕವೊಂದಿತ್ತು. ಗಿರಣಿಗೆ ಹೋಗುವ ಭತ್ತವನ್ನು ಬಿಸಿಗಾಳಿಯ ಯಂತ್ರದಲ್ಲಿ ಒಣಗಿಸುವುದು ಅದರ ಹಳೆಯ ಕಸುಬು. ಆ ವರ್ಷ ಬಿತ್ತನೆ ಭತ್ತವನ್ನೂ ಒಣಗಿಸಲು ಶುರುಮಾಡಿದ್ದರು. ಎರಡಕ್ಕೂ ಹಚ್ಚುವ ಬಿಸಿ ಬೇರೆ. ಅಕ್ಕಿಗಾಗುವ ಭತ್ತ ಅರವತ್ತು ಡಿಗ್ರಿ ತಡೆದೀತು. ಬಿತ್ತನೆಯದಕ್ಕೆ ನಲವತ್ತೆರಡು ದಾಟಿದರೆ ಒಳಗಿನ ಜೀವವೇ ಬೆಂದುಹೋಗುತ್ತದೆ, ಹೊರಗಿನಿಂದ ನೋಡಿದರೆ ಕಾಳು ಹೊನ್ನಿನ ಹಾಗೇ ಇರುತ್ತದೆ. ಆ ಘಟಕಕ್ಕೆ ಸಾಫ್ಟ್‌ವೇರು ಮಾಡಿಕೊಟ್ಟದ್ದು ಮದನ್. ಬಂದ ಭತ್ತ ಯಾವುದೆಂದು ಪರದೆಯಲ್ಲಿ ತುಂಬಿ, ಪಕ್ಕದ ‘ಸಹಾಯ’ ಒತ್ತಿದರೆ, ಆ ಭತ್ತಕ್ಕೆ ಎಷ್ಟು ಬಿಸಿ ಎಂಬ ಪುಟ ತೆರೆಯುತ್ತಿತ್ತು. ಪರದೆ ಹೇಳಿದ್ದನ್ನು ಮಾಡಬೇಕು, ಸ್ವಂತ ಬುದ್ಧಿ ಬೇಡ ಎಂದು ಮ್ಯಾನೇಜರು ಯಂತ್ರ ನೋಡಿಕೊಳ್ಳುವವರಿಗೆ ಕಟ್ಟಪ್ಪಣೆ ಮಾಡಿದ್ದರು.

ಯಂತ್ರ ನೋಡಿಕೊಳ್ಳುತ್ತಿದ್ದವಳು ಇಂದ್ರಾಣಿ. ಸೋಸಲೆಯವಳು, ಐ.ಟಿ.ಐ. ಮುಗಿಸಿ ಸೇರಿಕೊಂಡ ಹೊಸಬಳು. ತಂದೆ ತಾಯಿ ಕೂಲಿ ಮಾಡುವವರು. ಆ ಮನೆಯಲ್ಲಿ ತಿಂಗಳ ಸಂಬಳವೆಂಬುದನ್ನು ಕಂಡದ್ದು ಅವಳೇ ಮೊದಲು. ಸುಗ್ಗಿ ಮುಗಿದ ಹೊತ್ತಿನಲ್ಲಿ ಅವಳು ಒಣಗಿಸಿದ ಬಿತ್ತನೆ ಭತ್ತವನ್ನು ಪರೀಕ್ಷೆಗೆಂದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆಯೇ ಒಡೆಯಲಿಲ್ಲ. ಯಂತ್ರದ ಮುಳ್ಳು ಅರವತ್ತರಲ್ಲಿತ್ತೆಂದು ಅವಳೇ ಹೇಳಿದಳು. ಪರದೆಯ ಮೇಲೆ ಹಾಗೇ ಇತ್ತು ಎಂದೂ ಹೇಳಿದಳು. ಮ್ಯಾನೇಜರು ತಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ತೆಗೆದು ನೋಡಿದರು: ನಲವತ್ತೆರಡು. ನಂಜನಗೂಡಿಗೆ ಫೋನು ಮಾಡಿದರು. ಶಿವಸ್ವಾಮಿಯವರು ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಬಾಣವಿಟ್ಟು, ವಿಳಾಸ ಓದಿ, ಒತ್ತಿ ನೋಡಿದರು: ನಲವತ್ತೆರಡು.

“ನಮ್ಮ ಸಹಾಯದಲ್ಲಿ ಸರಿಯಾಗೇ ಇದೆ ಸಾರ್. ಆಯಮ್ಮ ನೋಡಿದ್ದರಲ್ಲೇ ಏನೋ ಎಡವಟ್ಟು,” ಎಂದರು.

ಆ ಒಂದು ಮಾತು ಸಾಕಾಯಿತು. ಇಂದ್ರಾಣಿ ನಿದ್ದೆ ಹೋಗಿದ್ದಾಳೆ, ಮುಳ್ಳು ತಿರುಗಿಸಿ ಮರೆತಿದ್ದಾಳೆ, ಈಗ ಸುಳ್ಳು ಹೇಳುತ್ತಿದ್ದಾಳೆ ಎಂದಾಯಿತು. ಬೇರೆ ಬೀಜದ ವ್ಯಾಪಾರಿಯೊಬ್ಬ ಅವಳ ಕೈಯಲ್ಲಿ ಬೇಕೆಂದೇ ಮಾಡಿಸಿದ್ದಾನೆ ಎಂಬ ಮಾತೂ ಹುಟ್ಟಿಕೊಂಡಿತು. ವಾರ ಕಳೆಯುವುದರೊಳಗೆ ಅವಳನ್ನು ತೆಗೆಯುವುದು, ಬೇಕಾದರೆ ಪೊಲೀಸರಿಗೂ ಬರೆದುಕೊಡುವುದು ಎಂದು ತೀರ್ಮಾನವಾಯಿತು.

ಆದರೆ ಶಿವಸ್ವಾಮಿಯವರಿಗೆ ಊಟ ಸೇರಲಿಲ್ಲ. ಹಾಗೆಂದು ಅವರಿಗೆ ಆ ಹುಡುಗಿಯ ಮೇಲೆ ಮರುಕ ಹುಟ್ಟಿತೆಂದು ಯಾರೂ ತಿಳಿಯಬಾರದು. ಅವರ ಸ್ವಭಾವದಲ್ಲಿ ಮರುಕಕ್ಕೆ ಮುಂಚೆ ಅನುಮಾನವೇ ಬಾಗಿಲು ತಟ್ಟುತ್ತಿತ್ತು. ಸುಳ್ಳು ಹೇಳುವವಳು ಮುಳ್ಳು ಅರವತ್ತರಲ್ಲಿತ್ತೆಂದು ತಾನಾಗಿ ಏಕೆ ಒಪ್ಪಿಕೊಂಡಳು? ಮ್ಯಾನೇಜರಿಗೆ ಇಷ್ಟು ಅವಸರವೇಕೆ? ಅದಕ್ಕಿಂತ ಹೆಚ್ಚಾಗಿ, ತಾವು ನೋಡಿದ್ದು ತಮ್ಮ ಮೇಜಿನ ಮೇಲಿನದನ್ನು ತಾನೇ? ಬಸ್ಸಿಗೆ ಮೂವರನ್ನು ಕೇಳುವವರು ಇಲ್ಲಿ ಕೇಳಿದ್ದು ಒಬ್ಬರನ್ನು, ಅದೂ ತಮ್ಮನ್ನೇ. ಈ ಯೋಚನೆ ಬಂದಾಗ ಅವರಿಗೆ ನಾಚಿಕೆಯಾಯಿತು. ಬೆಳಗ್ಗೆ ಕೋಟು ತೊಟ್ಟು, ಗಿರಾಕಿಗಳ ಬಳಿ ಹೋಗುವಾಗಲೆಲ್ಲ ಒಯ್ಯುವ ಹೊಸ ಬ್ರೌಸರಿನ ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು, ಕಂಡಕ್ಟರನ್ನೂ ಡ್ರೈವರನ್ನೂ ಒಬ್ಬ ಮುದುಕಿಯನ್ನೂ ಕೇಳಿ ನರಸೀಪುರದ ಬಸ್ಸು ಹತ್ತಿದರು.

ಮ್ಯಾನೇಜರು ಅವರ ಹಣೆಯ ವಿಭೂತಿ ನೋಡಿ ನಮ್ಮವರೆಂಬ ಸಲಿಗೆಯಿಂದ ಕುರ್ಚಿ ಎಳೆದುಕೊಟ್ಟರು. ಕಾಫಿ ತರಿಸಿದರು. ದನಿ ತಗ್ಗಿಸಿ, “ಅಂಥೋರನ್ನ ಕೆಲಸಕ್ಕೆ ಇಟ್ಕೊಂಡಿದ್ದೇ ನಮ್ಮ ತಪ್ಪು ಬಿಡಿ ಸ್ವಾಮಿಗಳೇ. ನಿಮಗೆ ಗೊತ್ತಲ್ಲ,” ಎಂದರು.

‘ಅಂಥೋರು’ ಎಂದರೆ ಎಂಥವರೆಂದು ಶಿವಸ್ವಾಮಿಯವರಿಗೆ ಗೊತ್ತಿತ್ತು. ಯಾವೂರು, ಯಾರ ಪೈಕಿ ಎಂಬ ಪ್ರಶ್ನೆ ಹುಟ್ಟಿದ್ದೇ ಅದನ್ನು ತಿಳಿಯಲಿಕ್ಕಲ್ಲವೇ! ತಾವು ಯಂತ್ರದ ಮುಂದೆ ತಮಾಷೆಯಾಗಿ ಗೊಣಗುತ್ತಿದ್ದ ಮಾತು ಈ ಕೋಣೆಯಲ್ಲಿ ಒಬ್ಬಳ ಅನ್ನದ ತಟ್ಟೆಯ ಮೇಲೆ ಕುಳಿತಿರುವುದು ಕಂಡು ಅವರಿಗೆ ಕಾಫಿ ಕಹಿಯಾಯಿತು. ಹಾಲು ಹಳಸಿದೆಯೇನೋ ಎಂಬ ಅನುಮಾನವೂ ಇತ್ತೆನ್ನಿ. ಲೋಟ ಕೆಳಗಿಟ್ಟು, “ಆ ಹುಡುಗಿ ನೋಡಿದ್ದು ಇದೇ ಮಿಷಿನ್ನಲ್ಲೇನು?” ಎಂದರು.

“ಇಲ್ಲ, ಶೆಡ್ಡಲ್ಲಿ ಹಳೇದೊಂದಿದೆ. ಅದಾದ್ರೇನು ಇದಾದ್ರೇನು, ಎರಡಕ್ಕೂ ಒಂದೇ ವೈರು.”

ಶೆಡ್ಡಿನ ಮೂಲೆಯಲ್ಲಿ, ಹೊಟ್ಟಿನ ಧೂಳು ಮೆತ್ತಿಕೊಂಡ ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ, ಕಚೇರಿಯವರು ಬೇಡವೆಂದು ತಳ್ಳಿದ ಕಂಪ್ಯೂಟರಿತ್ತು. ಅದರ ಬ್ರೌಸರೂ ಆ ಕಾಲದ್ದೇ. ಇಂದ್ರಾಣಿಯನ್ನು ಕರೆಸಿದರು. ಅತ್ತು ಕಣ್ಣು ಊದಿದ್ದರೂ ಬೆನ್ನು ನೆಟ್ಟಗೇ ಇತ್ತು. ಶಿವಸ್ವಾಮಿಯವರು ಅವಳ ಹೆಗಲ ಹಿಂದೆ, ಪರೀಕ್ಷೆಯ ಕೋಣೆಯ ಮೇಷ್ಟರಂತೆ ನಿಂತರು.

“ಅವತ್ತು ಹೆಂಗ್ ಮಾಡಿದ್ಯೋ ಹಂಗೇ ಮಾಡಮ್ಮ. ಏನೂ ಕೂಡಿಸ್ಬೇಡ, ಕಳೀಬೇಡ. ನಾನು ನೋಡ್ತಿರ್ತೀನಿ.”

“ನೋಡ್ಕಳಿ ಸಾ,” ಎಂದು ಅವಳು ಭತ್ತದ ವಿವರ ತುಂಬಿ ‘ಸಹಾಯ’ ಒತ್ತಿದಳು. ಪರದೆಯ ಮೇಲಿನ ಪಟ್ಟಿಯಲ್ಲಿ ‘ಬಿತ್ತನೆ ಭತ್ತ’ ಎಂಬ ತಲೆಬರಹ ಮೂಡಿತು. ಅದರ ಕೆಳಗೆ, ಶಿವಸ್ವಾಮಿಯವರದೇ ಅಚ್ಚುಕಟ್ಟಾದ ವಾಕ್ಯದಲ್ಲಿ: ಬಿಸಿಗಾಳಿಯನ್ನು ಅರವತ್ತು ಡಿಗ್ರಿಗೆ ಇರಿಸಿ.

ಅವರು ನಂಬಲಿಲ್ಲ. ತಮಗೆ ಕಾಣದಂತೆ ಅವಳೇನೋ ಒತ್ತಿರಬಹುದು. ಅವಳನ್ನು ಎಬ್ಬಿಸಿ ತಾವೇ ಕುಳಿತರು. ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದರು. ಮತ್ತೆ ತುಂಬಿದರು. ಬಾಣವನ್ನು ‘ಸಹಾಯ’ದ ಮೇಲಿಟ್ಟು ಒತ್ತದೆ ಕಾದರು. ತಳದಲ್ಲಿ ವಿಳಾಸ ಮೂಡಿತು. ನಂಜನಗೂಡಿನಲ್ಲಿ ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಆ ವಿಳಾಸಕ್ಕೆ ಬಾಲದಂತೆ ಅಂಟಿಕೊಂಡಿದ್ದ ಬಿತ್ತನೆಯ ಗುರುತು ಇಲ್ಲಿ ಇರಲಿಲ್ಲ. ಮದನ್ ಬರೆದ ಜಾಣ ಲಿಂಕು ಹೊಸ ಬ್ರೌಸರಿಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿತ್ತು. ಈ ಹಳೆಯದು ಅದನ್ನು ಅರಿಯದೆ, ಅರಿಯಲಿಲ್ಲವೆಂದೂ ಹೇಳದೆ, ಬಾಲವನ್ನು ಉದುರಿಸಿ ಬರೀ ವಿಳಾಸವನ್ನು ಹಿಡಿದು ಹೋಗುತ್ತಿತ್ತು. ತಲೆಬರಹದ ಪಟ್ಟಿ ಬರುತ್ತಿದ್ದುದು ಬೇರೆ ದಾರಿಯಿಂದ, ಆದ್ದರಿಂದ ಅದು ಸರಿಯಾಗಿಯೇ ಬಂದಿತ್ತು. ಬೋರ್ಡು ನರಸೀಪುರದ್ದು, ಬಸ್ಸು ಗುಂಡ್ಲುಪೇಟೆಗೆ.

ಬಾಲವಿಲ್ಲದೆ ಬಂದವರಿಗೆ ಅರವತ್ತರ ಪುಟವನ್ನೇ ಏಕೆ ತೋರಿಸಬೇಕು? ಆ ಪ್ರಶ್ನೆ ಮನಸ್ಸಿನಲ್ಲಿ ಪೂರ್ತಿ ಮೂಡುವ ಮೊದಲೇ ಉತ್ತರ ಎದೆಗೆ ಬಡಿಯಿತು. ಸಾಫ್ಟ್‌ವೇರು ಸಿದ್ಧವಾಗುತ್ತಿದ್ದಾಗ ಮದನ್ ಕೇಳಿದ್ದ: ಯಾವ ಭತ್ತವೆಂದು ತಿಳಿಯದೆ ಹೋದರೆ ಏನು ತೋರಿಸೋಣ ಅಣ್ಣ, ಖಾಲಿ ಬಿಡೋಣವೇ? ಬೇಡ, ಎಂದವರು ಇವರೇ. ಖಾಲಿ ಕಂಡರೆ ಜನ ಅನುಮಾನಪಡುತ್ತಾರೆ, ಮೊದಲನೆಯ ಪುಟವನ್ನೇ, ಎಂದರೆ ಅಕ್ಕಿಯ ಭತ್ತದ್ದನ್ನೇ, ತೋರಿಸು ಎಂದಿದ್ದರು. ಜನ್ಮದಲ್ಲೆಲ್ಲ ಅನುಮಾನವನ್ನೇ ಉಂಡು ಉಟ್ಟ ಮನುಷ್ಯ, ಬೇರೆಯವರಿಗೆ ಅನುಮಾನ ಬಾರದಿರಲೆಂದು ಮಾಡಿದ ಒಂದೇ ಒಂದು ಉಪಕಾರ ಅದು.

ಮ್ಯಾನೇಜರು ಹೊರಗೆ ಲಾರಿಯವರ ಜೊತೆ ಮಾತಿಗೆ ನಿಂತಿದ್ದರು. ಕಚೇರಿಯ ಫೋನಿನಿಂದ ಶಿವಸ್ವಾಮಿಯವರು ಮದನನಿಗೆ ವಿಷಯ ತಿಳಿಸಿದರು. ಅವನೆಂದ: “ಅಣ್ಣ, ಹೊಸ ಬ್ರೌಸರ್ ಸಿ.ಡಿ. ತಗೊಂಡು ಹೋಗಿದೀರಲ್ಲ. ಹಾಕ್ಬಿಡಿ. ಎಲ್ಲ ಸರಿಯಾಗುತ್ತೆ. ಆಮೇಲೆ ಯಾರು ನೋಡಿದ್ರೂ ನಲವತ್ತೆರಡೇ. ನೀವು ಬಾಯಿ ಬಿಡ್ಬೇಡಿ, ಇದೊಂದು ಘಟಕ ಕೈತಪ್ಪಿದ್ರೆ ನಾವು ಅಂಗಡಿ ಮುಚ್ಬೇಕು.”

“ಆ ಹುಡುಗಿ?”

“ಅವರ ಆಂತರಿಕ ವಿಷಯ ಅಣ್ಣ ಅದು.”

ಸಿ.ಡಿ. ಚೀಲದಲ್ಲಿತ್ತು. ಅದನ್ನು ಹಾಕಿದರೆ ಯಂತ್ರ ಸರಿಯಾಗುತ್ತಿತ್ತು, ಇಂದ್ರಾಣಿ ಎಂದೆಂದಿಗೂ ಸುಳ್ಳಿಯಾಗುತ್ತಿದ್ದಳು. ರಿಪೇರಿಯೇ ಸಾಕ್ಷಿಯನ್ನು ಅಳಿಸಿಹಾಕುವ ವಿಚಿತ್ರ ರೋಗ. ಶಿವಸ್ವಾಮಿಯವರು ಚೀಲದ ಬಾಯಿಯನ್ನು ಮುಟ್ಟಿ ನೋಡಿಕೊಂಡರು, ಅದರ ದಾರವನ್ನು ಬಿಗಿಯಾಗಿ ಕಟ್ಟಿದರು. ಹೊರಗೆ ಹೋಗಿ ಮ್ಯಾನೇಜರನ್ನೂ ಮೂಟೆ ಹೊಲಿಯುತ್ತಿದ್ದ ಚಲುವಮ್ಮ ಎಂಬ ಹಿರಿಯ ಹೆಂಗಸನ್ನೂ ಶೆಡ್ಡಿಗೆ ಕರೆದರು. ಚಲುವಮ್ಮನನ್ನು ಏಕೆ ಕರೆದರೆಂಬುದು ಅವರನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

“ಕೂತ್ಕೊಳ್ಳಿ ಸಾರ್,” ಎಂದು ಮ್ಯಾನೇಜರನ್ನು ಯಂತ್ರದ ಮುಂದೆ ಕೂರಿಸಿದರು. “ಆಯಮ್ಮನ್ನ ನಂಬಬೇಡಿ. ನನ್ನನ್ನೂ ನಂಬಬೇಡಿ. ನೀವೇ ತುಂಬಿ, ನೀವೇ ಒತ್ತಿ.”

ಮ್ಯಾನೇಜರು ತುಂಬಿದರು, ಒತ್ತಿದರು. ಮೇಲೆ ಬಿತ್ತನೆ ಭತ್ತ, ಕೆಳಗೆ ಅರವತ್ತು. ಇನ್ನೊಮ್ಮೆ ಒತ್ತಿದರು. ಅವರ ಕಿವಿ ಕೆಂಪಾಯಿತು. ಕಣ್ಣು ಪರದೆಯಿಂದ ಇಂದ್ರಾಣಿಯತ್ತ ಹೋಗಿ, ಅಲ್ಲಿ ನಿಲ್ಲಲಾರದೆ ನೆಲಕ್ಕೆ ಇಳಿಯಿತು. ಓದು ಬಾರದ ಚಲುವಮ್ಮ, “ಏನಂತೆ ಅದು?” ಎಂದು ಕೇಳಿದಳು. ಮ್ಯಾನೇಜರ ತಗ್ಗಿದ ಮುಖ ನೋಡಿ ಅವಳಿಗೇ ಅರ್ಥವಾಯಿತು. “ಅಂಗಾರೆ ಈ ಹೆಣ್ಮಗ ಸುಳ್ಳಾಡಿರ್ನಿಲ್ಲ,” ಎಂದು ಸೆರಗಿನಿಂದ ಇಂದ್ರಾಣಿಯ ಮುಖ ಒರೆಸಿದಳು.

“ಬರೆದದ್ದು ನಾನು,” ಎಂದರು ಶಿವಸ್ವಾಮಿ. “ಹೀಗೆ ಬರೋ ಹಾಗೆ ಮಾಡ್ಸಿದ್ದೂ ನಾನೇ. ಫೋನಲ್ಲಿ ಸರಿಯಾಗಿದೆ ಅಂದಿದ್ದೂ ನಾನೇ. ತೆಗೆಯೋದಿದ್ರೆ ನಮ್ಮ ಕಂಪನೀನ ತೆಗೀರಿ.”

ತೆಗೆದರು. ಮದನ್ ಬಹಳ ದಿನ ಅವರೊಡನೆ ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಕೆಲಸದಿಂದ ತೆಗೆಯಲೂ ಇಲ್ಲ. ಅವನು ಮಾಡಿದ ಎಲ್ಲ ಸಾಫ್ಟ್‌ವೇರುಗಳ ಸಹಾಯದಲ್ಲೂ ಅಂದಿನಿಂದ ಮೊದಲನೆಯ ಪುಟ ಬದಲಾಯಿತು. ಲಿಂಕು ದಾರಿ ತಪ್ಪಿದರೆ ಅಲ್ಲಿ ಇಷ್ಟೇ ಕಾಣುತ್ತಿತ್ತು: ‘ನೀವು ಕೇಳಿದ್ದು ನಮಗೆ ತಿಳಿಯಲಿಲ್ಲ. ತಿಳಿಯುವ ತನಕ ಏನನ್ನೂ ಮಾಡಬೇಡಿ.’ ಹಳೆಯ ಕಂಪ್ಯೂಟರೊಂದನ್ನು ಶಿವಸ್ವಾಮಿಯವರು ಎಲ್ಲಿಂದಲೋ ಹೊತ್ತು ತಂದು ತಮ್ಮ ಮೇಜಿನ ಪಕ್ಕ ಇಟ್ಟುಕೊಂಡರು. ಬರೆದ ಪುಟವನ್ನು ಮೊದಲು ಅದರಲ್ಲಿ ತೆರೆದು, ತಮ್ಮದೇ ಲಿಂಕುಗಳ ಮೇಲೆ ಬಾಣವಿಟ್ಟು, ಕತ್ತು ಚಾಚಿ ಕೂರುತ್ತಿದ್ದರು. ಆದರೆ ಯಾವೂರು, ಯಾರ ಪೈಕಿ ಎಂದು ಗೊಣಗುವುದು ನಿಂತುಹೋಗಿತ್ತು. “ಎಲ್ಲಿಗೆ ಕರ್ಕೊಂಡು ಹೋಗ್ತೀಯ?” ಎಂದಷ್ಟೇ ಕೇಳುವರು.

ಶೆಡ್ಡಿನಲ್ಲಿ ಇದೆಲ್ಲ ನಡೆದ ದಿನ ಸಂಜೆ ನರಸೀಪುರದ ಬಸ್ ನಿಲ್ದಾಣದಲ್ಲಿ ಅವರು ನಂಜನಗೂಡಿನ ಬಸ್ಸಿಗೆ, ಇಂದ್ರಾಣಿ ಸೋಸಲೆಯ ಬಸ್ಸಿಗೆ ಕಾಯುತ್ತಿದ್ದರು. ನಾಳೆಯಿಂದ ಎಂದಿನಂತೆ ಬರಬೇಕೆಂದು ಮ್ಯಾನೇಜರು ಅವಳಿಗೆ ಹೇಳಿ ಕಳಿಸಿದ್ದರು, ಎದುರಿಗೆ ಬಂದು ಹೇಳಿರಲಿಲ್ಲ. ಅವಳೇ ಕೇಳಿದಳು.

“ಸಾ, ನಾನು ಸುಳ್ ಏಳಕಿಲ್ಲ ಅಂತ ನಿಮಗೆ ಗೊತ್ತಿತ್ತಾ?”

ಹೌದೆಂದುಬಿಟ್ಟಿದ್ದರೆ ಆ ಸಂಜೆಗೆ ಒಪ್ಪುತ್ತಿತ್ತು. ಶಿವಸ್ವಾಮಿಯವರಿಗೆ ಅದು ಬರಲಿಲ್ಲ. “ಇಲ್ಲ ಕಣಮ್ಮ. ನಿನ್ನ ಮೇಲೂ ಅನುಮಾನ ಇತ್ತು. ಯಂತ್ರದ ಮುಂದೆ ನಿನ್ನನ್ನ ಕೂರ್ಸಿದಾಗ್ಲೂ ಇತ್ತು,” ಎಂದರು.

ಅವಳು ರಸ್ತೆಯ ಕಡೆ ನೋಡಿದಳು. “ಇರ್ಲಿ ಬುಡಿ ಸಾ. ಅನುಮಾನ ಇದ್ದಿದ್ಕೆ ಬಂದು ನೋಡುದ್ರಿ. ಮಿಕ್ಕೋರ್ಗೆ ನನ್ ಮ್ಯಾಲೆ ಅನುಮಾನನೇ ಇರ್ನಿಲ್ಲ.”

ಅನುಮಾನದವರೆಂದರೆ ಲೋಕಕ್ಕೆ ಸಲ್ಲದವರೆಂದೇ ನಾವು ಎಣಿಸುತ್ತೇವೆ. ಅವರ ಜೊತೆ ಸಂಸಾರ ಕಷ್ಟ, ಸ್ನೇಹ ಕಷ್ಟ, ಒಂದೇ ಬಸ್ಸಿನಲ್ಲಿ ಪಯಣವೂ ಕಷ್ಟ. ಆದರೆ ಒಬ್ಬರ ಬದುಕು ಹಾಳಾಗುವುದು ಹೆಚ್ಚಾಗಿ ಅನುಮಾನದಿಂದಲ್ಲ, ಇನ್ನು ನೋಡಬೇಕಾದದ್ದೇನೂ ಇಲ್ಲ ಎಂಬ ನೆಮ್ಮದಿಯಿಂದ. ಅನುಮಾನಪಟ್ಟು ಮನೆಯಲ್ಲಿ ಕೂರುವವರು ಊರಿಗೊಬ್ಬರಲ್ಲ, ಮನೆಗೊಬ್ಬರು ಸಿಗುತ್ತಾರೆ; ಅನುಮಾನಪಟ್ಟು ಬಸ್ಸು ಹತ್ತುವವರು, ಹತ್ತಿ ಹೋಗಿ ಕೊನೆಗೆ ತಪ್ಪಿನ ಜಾಡು ತಮ್ಮ ಬಾಗಿಲಿಗೇ ಬಂದು ನಿಂತರೂ ತಟ್ಟಿ ನೋಡುವವರು ಅಪರೂಪ. ಸೋಸಲೆಯ ಬೋರ್ಡಿದ್ದ ಬಸ್ಸು ಬಂದು ನಿಂತಾಗ ಇಂದ್ರಾಣಿ ಓಡಿಹೋಗಿ ಹತ್ತಲಿಲ್ಲ. ಬಾಗಿಲ ಬಳಿ ನಿಂತು, ಕಂಡಕ್ಟರನ್ನು ಕೇಳಿ, ಆಮೇಲೆ ಕಿಟಕಿಯ ಪಕ್ಕದ ಮುದುಕಿಯೊಬ್ಬಳನ್ನೂ ಕೇಳಿ, ಒಮ್ಮೆ ಶಿವಸ್ವಾಮಿಯವರ ಕಡೆ ತಿರುಗಿ ನೋಡಿ ಹತ್ತಿದಳು.